ಇಲ್ಲಿ ಅಂಗೈ ಕೆಳಕ್ಕೆ

“ಮೇಷ್ಟ್ರೇ, ಪಿಟೀಲು ಕಲಿಯುವವನ ಮನೆಯಲ್ಲಿ ಪಿಟೀಲು ಇರುತ್ತದೆ. ಕೊಳಲು ಕಲಿಯುವವನ ಮನೆಯಲ್ಲಿ ಕೊಳಲು ಇರುತ್ತದೆ. ಮೇಳದ ಮುಂದೆ ಕೋಲು ಹಿಡಿದು ನಿಲ್ಲುವವನು ಮನೆಯಲ್ಲಿ ಏನನ್ನು ಇಟ್ಟುಕೊಂಡು ಅಭ್ಯಾಸ ಮಾಡಬೇಕು?”

ಕೇಳಿದವನು ಸುಧನ್ವ. ಜ್ಞಾನಪ್ರಕಾಶ ಮೇಷ್ಟ್ರ ವಾದ್ಯಮೇಳದಲ್ಲಿ ಅವನು ಆರು ವರ್ಷದಿಂದ ಪಿಟೀಲು ನುಡಿಸುತ್ತಿದ್ದ. ಅಂದಿನ ಅಭ್ಯಾಸ ಮುಗಿದು ಉಳಿದವರೆಲ್ಲ ಮನೆಗೆ ಹೋಗಿದ್ದರು. ಬರುವ ಭಾನುವಾರದ ಕಚೇರಿಯಲ್ಲಿ ಒಂದು ಕೃತಿಯನ್ನಾದರೂ ತಾನು ಮುಂದೆ ನಿಂತು ನಡೆಸಬೇಕೆಂಬುದು ಅವನ ಆಸೆ. ಆ ತಿಂಗಳಲ್ಲಿ ಮೂರು ಸಲ ಕೇಳಿಯೂ ಆಗಿತ್ತು. ಮೂರು ಸಲವೂ ಮೇಷ್ಟ್ರು “ನೋಡೋಣ” ಎಂದಿದ್ದರು.

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. “ಒಳ್ಳೆಯ ಪ್ರಶ್ನೆಯನ್ನೇ ಕೇಳಿದೆ. ಒಂದು ಕತೆ ಹೇಳುತ್ತೇನೆ, ಕೇಳು. ನಡುವೆ ಮಾತ್ರ ಬಾಯಿ ಹಾಕಬೇಡ” ಎಂದು ಶುರುಮಾಡಿದರು.

ಒಂದು ಪಟ್ಟಣದಲ್ಲಿ ಒಂದು ವಾದ್ಯಮೇಳವಿತ್ತು. ನಮ್ಮ ಹಾಗೆ ಹನ್ನೆರಡು ಜನರ ಮೇಳವಲ್ಲ, ಅರುವತ್ತು ಜನರದ್ದು. ಪಿಟೀಲಿನವರು, ಕೊಳಲಿನವರು, ತುತ್ತೂರಿಯವರು, ನಗಾರಿಯವರು, ಎಲ್ಲರೂ ಇದ್ದರು. ಇವರ ಮುಂದೆ ಒಂದು ಮಣೆಯ ಮೇಲೆ ನಿಂತು ಕೋಲು ಆಡಿಸುವವನು ಮೇಳದ ನಾಯಕ. ಕಂಡಕ್ಟರ್ ಅಂತಲೂ ಅನ್ನುತ್ತಾರೆ. ಟಿಕೆಟ್ ಹರಿಯುವ ಕಂಡಕ್ಟರಲ್ಲಪ್ಪ, ನಗಬೇಡ. ಅಷ್ಟು ಜನರ ನಡುವೆ ಒಂದು ಚೂರೂ ಸದ್ದು ಮಾಡದವನು ಅವನೊಬ್ಬನೇ. ಆದರೆ ಸದ್ದು ಕೆಟ್ಟರೆ ಊರಿನವರಿಂದ ಬೈಸಿಕೊಳ್ಳುವವನೂ ಅವನೇ.

ಆ ಮೇಳದಲ್ಲಿ ಒಬ್ಬ ಯುವಕನಿದ್ದ. ಪಿಟೀಲಿನ ಕೊನೆಯ ಸಾಲಿನಲ್ಲಿ ಅವನ ಕುರ್ಚಿ. ನಾಯಕನಾಗಬೇಕೆಂಬ ಹುಚ್ಚು ಅವನಿಗೆ. ಸಣ್ಣಪುಟ್ಟ ಹುಚ್ಚಲ್ಲ. ಊಟಕ್ಕೆ ಕೂತಾಗಲೂ ಬಲಗೈ ತಾಳ ಹಾಕುತ್ತಿತ್ತು. ಬಾಯಿಗೆ ಹೋಗಬೇಕಾದ ತುತ್ತು ಎಷ್ಟೋ ಸಲ ಮೂಗಿಗೆ ತಾಗುತ್ತಿತ್ತು.

ಆದರೆ ಆ ಮೇಳದಲ್ಲಿ ಬಂದವರ ಕೈಗೆಲ್ಲ ಕೋಲು ಕೊಡುತ್ತಿರಲಿಲ್ಲ. ಮೊದಲು ವರ್ಷಗಟ್ಟಲೆ ಸಾಲಿನಲ್ಲಿ ಕೂತು ನುಡಿಸಬೇಕು. ಆಮೇಲೆ ಹಾಡುವವರ ಅಭ್ಯಾಸಕ್ಕೆ ಪಿಯಾನೊ ನುಡಿಸುತ್ತ, ಅವರು ಎಲ್ಲಿ ಉಸಿರೆಳೆದುಕೊಳ್ಳುತ್ತಾರೆ ಎಂದು ತಿಳಿದುಕೊಳ್ಳಬೇಕು. ಆಮೇಲೆ ಸಭಾಂಗಣದ ಕಟ್ಟಕಡೆಯ ಬೆಂಚಿನಲ್ಲಿ ಕೂತು, ತುತ್ತೂರಿಯ ಅಬ್ಬರದಲ್ಲಿ ಪಿಟೀಲು ಮುಚ್ಚಿಹೋಗುತ್ತಿದೆಯೇ ಎಂದು ಕೇಳಿ ಬಂದು ನಾಯಕನಿಗೆ ಹೇಳಬೇಕು. ಇಷ್ಟೆಲ್ಲ ಆದ ಮೇಲೂ, ನಾಯಕ ಜ್ವರ ಬಂದು ಮಲಗಿದ ದಿನ ಮಾತ್ರ ಕೋಲು ಸಿಗುತ್ತಿತ್ತು. ಆ ಮುದುಕ ನಾಯಕನೋ ಕಲ್ಲುಗುಂಡಿನ ಹಾಗಿದ್ದ. ಹತ್ತು ವರ್ಷದಲ್ಲಿ ಒಂದು ನೆಗಡಿಯೂ ಬರಲಿಲ್ಲ.

ಯುವಕ ಸುಮ್ಮನೆ ಕಾಯುತ್ತ ಕೂರುವ ಆಸಾಮಿಯಲ್ಲ. ಮೇಳದಲ್ಲಿ ನುಡಿಸುವ ಪ್ರತಿಯೊಬ್ಬರ ಮುಂದೆಯೂ ಅವರವರ ಪಾಲಿನ ಸ್ವರದ ಹಾಳೆ ಇರುತ್ತದೆ. ಎಲ್ಲರ ಪಾಲೂ ಒಟ್ಟಿಗೇ ಇರುವ ದಪ್ಪ ಪುಸ್ತಕ ಇರುವುದು ನಾಯಕನ ಮುಂದೆ ಮಾತ್ರ. ಯುವಕ ಆ ಪುಸ್ತಕವನ್ನು ಕೇಳಿ ತಂದು ತನಗೊಂದು ಪ್ರತಿ ಬರೆದುಕೊಂಡ. ಆಮೇಲೆ ಪ್ರತಿದಿನವೂ ನಾಯಕನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಅವನು ಎಲ್ಲಿ ಕೈ ಎತ್ತುತ್ತಾನೆ, ಎಲ್ಲಿ ಇಳಿಸುತ್ತಾನೆ, ಯಾರ ಕಡೆ ತಿರುಗುತ್ತಾನೆ, ಎಲ್ಲವನ್ನೂ ಪೆನ್ಸಿಲಿನಲ್ಲಿ ಅಂಚಿಗೆ ಬರೆದಿಟ್ಟ. ‘ಇಲ್ಲಿ ತುತ್ತೂರಿಯವರ ಕಡೆ ನೋಟ.’ ‘ಇಲ್ಲಿ ಹುಬ್ಬು ಮೇಲಕ್ಕೆ.’ ‘ಇಲ್ಲಿ ಎಡ ಅಂಗೈ ಕೆಳಕ್ಕೆ.’ ‘ಇಲ್ಲಿ ಮುಗುಳ್ನಗು.’ ಏಳು ವರ್ಷಕ್ಕೆ ಪುಸ್ತಕದ ಅಂಚೆಲ್ಲ ತುಂಬಿತು. ಸೂಜಿ ಊರಲೂ ಜಾಗ ಉಳಿಯಲಿಲ್ಲ.

ಪುಸ್ತಕ ತುಂಬಿದ ಮೇಲೆ ನಾಯಕನನ್ನು ನೋಡುವ ಅಗತ್ಯ ಅವನಿಗೆ ಕಾಣಲಿಲ್ಲ. ಮೇಳದಲ್ಲಿ ನುಡಿಸುವಾಗ ತಾಳ ತಪ್ಪದಷ್ಟು ಓರೆಗಣ್ಣು ಹಾಯಿಸಿದರೆ ಸಾಕಾಗಿತ್ತು. ನಿಜವಾದ ಅಭ್ಯಾಸವೆಲ್ಲ ಮನೆಯಲ್ಲಿ ನಡೆಯಿತು. ಅರುವತ್ತು ಹುಣಸೆಬೀಜ ತಂದು, ಮೇಳದವರು ಕೂರುವ ಸಾಲಿನಂತೆಯೇ ನೆಲದ ಮೇಲೆ ಜೋಡಿಸಿದ. ಕೊಳಲಿನವರ ಜಾಗಕ್ಕೆ ಎರಡು, ನಗಾರಿಯವನ ಜಾಗಕ್ಕೆ ಒಂದು ದಪ್ಪನೆಯದು. ಪುಸ್ತಕ ತೆರೆದಿಟ್ಟು, ಅಡುಗೆಮನೆಯ ಸೌಟು ಹಿಡಿದು ಅವುಗಳ ಮುಂದೆ ನಿಂತ. ಅವನ ತಾಯಿ ಇಣುಕಿ ನೋಡಿ, “ಏನೋ ಇದು, ಒಬ್ಬನೇ ಚೌಕಾಬಾರ ಆಡ್ತಿದ್ದೀಯಾ?” ಎಂದಳು. ಅವನು ಸೌಟು ಎತ್ತಿ ಕೊಳಲಿನ ಬೀಜಗಳ ಕಡೆ ತಿರುಗಿದ. ಮೂರು ವರ್ಷ ಹೀಗೇ ನಡೆಯಿತು. ಹುಣಸೆಬೀಜ ಒಂದು ದಿನವೂ ತಪ್ಪು ನುಡಿಸಲಿಲ್ಲ.

ಹತ್ತನೆಯ ವರ್ಷ ಮುದುಕ ನಾಯಕ ತಾನು ಇನ್ನು ಇಳಿಯುತ್ತೇನೆ ಎಂದ. ಅವನ ಜಾಗಕ್ಕೆ ಯಾರು? ಯುವಕ ಎದ್ದು ನಿಂತು ನಾನು ಎಂದ.

ನಾಯಕನನ್ನು ಆರಿಸುವುದಕ್ಕೆ ಆ ಮೇಳದಲ್ಲಿ ಒಂದು ಪದ್ಧತಿ ಇತ್ತು. ಕೋಲು ಬೇಕೆಂದವನು ಬೆಳಗ್ಗೆ ಒಂದು ಅಭ್ಯಾಸ ನಡೆಸಬೇಕು, ಸಂಜೆ ಜನರ ಮುಂದೆ ಕಚೇರಿ ನಡೆಸಬೇಕು. ಕಚೇರಿ ಮುಗಿದಾಗ ಜನರ ಚಪ್ಪಾಳೆಗೆ ಬೆಲೆಯಿಲ್ಲ. ಮೇಳದವರು ಮೆಚ್ಚಿದರೆ ಪಿಟೀಲಿನ ಕಮಾನಿನಿಂದ ಹಾಳೆ ಇಡುವ ಸ್ಟ್ಯಾಂಡನ್ನು ತಟ್ಟುತ್ತಾರೆ. ಸ್ಟ್ಯಾಂಡುಗಳು ಸದ್ದು ಮಾಡಿದರೆ ಅವನು ನಾಯಕ. ಇಲ್ಲವಾದರೆ ಹಳೆಯ ಕುರ್ಚಿಗೆ ವಾಪಸ್ಸು, ಜೀವಮಾನದಲ್ಲಿ ಎರಡನೆಯ ಸಲ ಕೇಳುವಂತಿಲ್ಲ. ಯುವಕನ ಹತ್ತು ವರ್ಷ ಒಂದು ದಿನದ ಮೇಲೆ ನಿಂತಿತು.

ಬೆಳಗ್ಗೆ ಅವನು ತನ್ನ ಪುಸ್ತಕ ತೆರೆದಿಟ್ಟುಕೊಂಡು ಮಣೆ ಹತ್ತಿದ. ಮೊದಲ ಭಾಗ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಹೋಯಿತು. ಕೈ, ಹುಬ್ಬು, ನೋಟ, ಎಲ್ಲ ಆ ಮುದುಕನ ಪಡಿಯಚ್ಚು. ಮೇಳದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಬೆಂಚಿನಲ್ಲಿ ಕೂತ ಮುದುಕನೂ ಕತ್ತು ಮುಂದೆ ಚಾಚಿದ. ಯುವಕನಿಗೆ ಆನೆಯ ಬಲ ಬಂತು.

ಎರಡನೆಯ ಭಾಗ ನಿಧಾನಗತಿಯದು. ಅಲ್ಲಿ ಕೊಳಲಿನವನು ಒಬ್ಬನೇ ಹಾಡನ್ನು ನುಡಿಸುತ್ತಾನೆ. ಅವನ ಕೆಳಗೆ ಪಿಟೀಲಿನ ಎರಡನೆಯ ತಂಡದವರು, ಶ್ರುತಿಪೆಟ್ಟಿಗೆಯ ಹಾಗೆ, ಒಂದು ಸ್ವರವನ್ನು ಉದ್ದಕ್ಕೆ ಎಳೆಯುತ್ತಿರುತ್ತಾರೆ. ಅದನ್ನು ಕೇಳಿಕೊಂಡೇ ಕೊಳಲಿನವನು ಮುಂದಕ್ಕೆ ಹೆಜ್ಜೆ ಇಡಬೇಕು. ಯುವಕ ಅಂಚಿನಲ್ಲಿ ನೋಡಿದ. ‘ಇಲ್ಲಿ ಎಡ ಅಂಗೈ ಕೆಳಕ್ಕೆ.’ ಅಂಗೈ ಕೆಳಕ್ಕೆ ಇಳಿಸಿದ. ಪಿಟೀಲಿನವರು ಸದ್ದು ತಗ್ಗಿಸಿದರು. ಎಷ್ಟು ತಗ್ಗಿಸಿದರೆಂದರೆ ಸದ್ದೇ ಅಡಗಿಹೋಯಿತು. ಕಾಲಡಿಯ ನೆಲವೇ ಜಾರಿದಂತಾಗಿ ಕೊಳಲಿನವನ ಉಸಿರು ಕಡಿಯಿತು. ಅವನೂ ನಿಲ್ಲಿಸಿಬಿಟ್ಟ.

ಅಯ್ಯೋ ದೇವರೇ! ಅರುವತ್ತು ಜನ ಕೂತಿದ್ದಾರೆ, ಒಂದು ಸದ್ದಿಲ್ಲ. ಯುವಕನಿಗೆ ಕೈಕಾಲು ಆಡಲಿಲ್ಲ. ಮುಂದೇನು ಮಾಡಬೇಕೆಂದು ಅಂಚಿನಲ್ಲಿ ನೋಡಿದ. ಅಲ್ಲಿ ‘ಇಲ್ಲಿ ಮುಗುಳ್ನಗು’ ಎಂದಿತ್ತು. ಪಾಪ, ನಕ್ಕುಬಿಟ್ಟ.

ಕೊಳಲಿನವನು ಕೆಂಡವಾದ. “ನನ್ನನ್ನು ನೀರಿಗೆ ತಳ್ಳಿ ಮೇಲೆ ನಗುತ್ತೀಯಾ? ಸಂಜೆ ಇನ್ನೊಂದು ಸಲ ನಕ್ಕು ನೋಡು, ಕೊಳಲು ಕೆಳಗಿಟ್ಟು ಎದ್ದುಹೋಗುತ್ತೇನೆ” ಎಂದ. ಅಭ್ಯಾಸ ಅಲ್ಲಿಗೇ ಮುಗಿಯಿತು.

ಯುವಕ ಮುಖ ಸಣ್ಣದು ಮಾಡಿಕೊಂಡು ಮುದುಕನ ಹತ್ತಿರ ಹೋದ. “ಗುರುಗಳೇ, ಆ ಜಾಗದಲ್ಲಿ ನೀವು ಅಂಗೈ ಇಳಿಸುವುದನ್ನು ನೂರು ಸಲ ನೋಡಿ ಬರೆದುಕೊಂಡಿದ್ದೇನೆ. ಕೂದಲೆಳೆಯಷ್ಟೂ ವ್ಯತ್ಯಾಸ ಮಾಡಲಿಲ್ಲ. ನನ್ನ ತಪ್ಪೇನು?” ಎಂದು ಕೇಳಿದ.

ಮುದುಕ ಹೇಳಿದ: “ಪಿಟೀಲಿನ ಎರಡನೆಯ ತಂಡದಲ್ಲಿ ಮೊದಲ ಕುರ್ಚಿಯಲ್ಲಿ ಕೂರುತ್ತಿದ್ದವನಿಗೆ ಎಡಗಿವಿ ಮಂದವಾಗಿತ್ತು. ಪಿಟೀಲು ಇರುವುದೇ ಎಡಗಿವಿಯ ಕೆಳಗೆ. ತನ್ನ ಸದ್ದು ತನಗೆ ಕೇಳಿಸದೆ ಅವನು ಜೋರಾಗಿ ಎಳೆಯುತ್ತಿದ್ದ, ಉಳಿದವರೂ ಅವನ ಹಿಂದೆಯೇ ಜೋರು ಮಾಡುತ್ತಿದ್ದರು. ಬಾಯಿಬಿಟ್ಟು ಹೇಳಿದರೆ ನೊಂದುಕೊಳ್ಳುತ್ತಾನೆ ಎಂದು ನಾನು ಅಂಗೈ ಇಳಿಸುತ್ತಿದ್ದೆ. ಅವನು ಮೇಳ ಬಿಟ್ಟು ಮೂರು ವರ್ಷವಾಯಿತು. ಅವನ ಜಾಗಕ್ಕೆ ಬಂದ ಹೊಸಬನ ಕೈ ಬಲು ನಯ, ಆದರೆ ಆಳು ಪುಕ್ಕಲ. ಮೂರು ವರ್ಷದಿಂದ ಆ ಜಾಗದಲ್ಲಿ ನಾನು ಅಂಗೈ ಎತ್ತುತ್ತಿದ್ದೇನೆ. ನೀನೂ ಅಲ್ಲೇ ಕೂತಿದ್ದೆಯಲ್ಲಪ್ಪ.”

ಹೊಸಬನೊಬ್ಬ ಬಂದಿದ್ದಾನೆ ಎಂಬುದು ಯುವಕನಿಗೆ ಗೊತ್ತಿತ್ತು. ಅವನ ಮುಖ ಹೇಗಿದೆ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಆಗಲಿಲ್ಲ. ಮೂರು ವರ್ಷ ಒಂದೇ ಸೂರಿನ ಕೆಳಗೆ ಕೂತು ನುಡಿಸಿದ ಮನುಷ್ಯನ ಮುಖ ಅವನಿಗೆ ತಿಳಿದಿರಲಿಲ್ಲ. ನಾಚಿಕೆಯಿಂದ ಅವನು ಕುಗ್ಗಿಹೋದ.

ಮಧ್ಯಾಹ್ನವೆಲ್ಲ ರಬ್ಬರು ಹಿಡಿದು ಅಂಚಿನ ಬರಹ ಅಳಿಸುತ್ತ ಕೂತ. ಹಾಳೆ ಹರಿಯಿತೇ ಹೊರತು ಬರಹ ಪೂರ್ತಿ ಹೋಗಲಿಲ್ಲ. ಯಾವುದು ಇವತ್ತಿಗೂ ಸರಿ, ಯಾವುದು ಹಳತು ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಕೊನೆಗೆ ಮುದುಕನ ದಪ್ಪ ಪುಸ್ತಕವನ್ನೇ ಕೇಳಿ ಇಸಿದುಕೊಂಡ. ಅದರ ಅಂಚಿನಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಸಂಜೆ ಜನ ಸೇರಿದರು. ಯುವಕ ಮಣೆ ಹತ್ತಿದ. ಮೊದಲ ಭಾಗ ಬೆಳಗಿನಷ್ಟು ಚೆನ್ನಾಗಿ ಬರಲಿಲ್ಲ. ತುತ್ತೂರಿಯವರನ್ನು ಕೈಸನ್ನೆಯಿಂದ ಕರೆಯುವುದು ಎರಡು ಸಲ ಮರೆತೇಹೋಯಿತು. ನಗಾರಿಯವನು ಕಾದು ಕಾದು, ಬೇಸತ್ತು ತಾನೇ ಬಾರಿಸಿಬಿಟ್ಟ. ಜನ ಗುಸುಗುಸು ಅಂದರು. ಹಿಂದಿನ ಬೆಂಚಿನ ಮುದುಕ ಹಣೆ ಒರೆಸಿಕೊಂಡ.

ಆಮೇಲೆ ನಿಧಾನಗತಿಯ ಭಾಗ ಬಂತು. ಕೊಳಲಿನವನು ಯುವಕನ ತುಟಿಯನ್ನೇ ದುರುಗುಟ್ಟಿ ನೋಡುತ್ತ ಊದಲು ಶುರುಮಾಡಿದ. ಆ ಜಾಗ ಹತ್ತಿರ ಬಂತು. ಅಂಚಿನಲ್ಲಿ ಬರಹವಿರಲಿಲ್ಲ, ಆದರೆ ಎಡಗೈ ತಾನಾಗಿಯೇ ಕೆಳಗಿಳಿಯತೊಡಗಿತು. ಹತ್ತು ವರ್ಷದ ರೂಢಿ, ಹೇಳಿದ ತಕ್ಷಣ ಬಿಡುತ್ತದೆಯೇ? ಯುವಕ ಗಾಬರಿಯಿಂದ ಹೊಸಬನ ಕಡೆ ನೋಡಿದ. ಹೊಸಬ ಇವನನ್ನೇ ನೋಡುತ್ತಿದ್ದ. ಅವನ ಹಣೆಯ ಮೇಲೆ ಬೆವರಿತ್ತು. ಕಮಾನು ತಂತಿಗೆ ತಾಗಿಯೂ ತಾಗದಂತಿತ್ತು. ಇವನಿಗಿಂತ ಅವನೇ ಹೆಚ್ಚು ಹೆದರಿದ್ದ.

ಯುವಕನ ಕೈ ಅರ್ಧದಲ್ಲೇ ನಿಂತಿತು. ಎತ್ತಬೇಕೆಂಬುದೂ ಮರೆತುಹೋಯಿತು. ಒಂದು ತಾಳದಷ್ಟು ಹೊತ್ತು ಅವನು ಆ ಮನುಷ್ಯನನ್ನು ನೋಡುತ್ತ ನಿಂತ, ಅಷ್ಟೇ. ಹೊಸಬ ಒಮ್ಮೆ ಉಸಿರೆಳೆದುಕೊಂಡು ಕಮಾನು ಒತ್ತಿದ. ಉಳಿದವರೂ ಅವನ ಹಿಂದೆ ಒತ್ತಿದರು. ಸ್ವರ ತುಂಬಿಕೊಂಡು ಬಂತು. ಅದರ ಮೇಲೆ ಕೊಳಲಿನವನು ಎಂದೂ ನುಡಿಸದ ಹಾಗೆ ನುಡಿಸಿದ. ಯುವಕನ ಕಣ್ಣಲ್ಲಿ ನೀರು ಬಂತು.

ಕಚೇರಿ ಮುಗಿಯಿತು. ಜನ ಚಪ್ಪಾಳೆ ತಟ್ಟಿ ಸುಮ್ಮನಾದರು. ಯುವಕ ತಲೆ ತಗ್ಗಿಸಿ ನಿಂತ. ಎಷ್ಟು ತಪ್ಪಾಗಿದೆ ಎಂದು ಅವನಿಗೆ ಗೊತ್ತಿತ್ತು. ಹಳೆಯ ಕುರ್ಚಿಗೆ ಹೋಗಲು ಮಣೆಯಿಂದ ಒಂದು ಕಾಲು ಇಳಿಸಿಯೂ ಇಳಿಸಿದ. ಅಷ್ಟರಲ್ಲಿ ಒಂದು ಸ್ಟ್ಯಾಂಡು ಟಕ್ ಟಕ್ ಎಂದಿತು. ತಟ್ಟಿದವನು ಆ ಹೊಸಬ, ಮೂರು ವರ್ಷದಲ್ಲಿ ಯಾವುದರಲ್ಲೂ ಮುಂದೆ ಬಾರದಿದ್ದ ಪುಕ್ಕಲ. ಅವನ ಹಿಂದೆ ಅವನ ಸಾಲು ತಟ್ಟಿತು. ಕೊಳಲಿನವನ ಹತ್ತಿರ ಕಮಾನೆಲ್ಲಿಂದ ಬರಬೇಕು? ಅವನು ಕಾಲು ನೆಲಕ್ಕೆ ಬಡಿದ. ನೋಡನೋಡುತ್ತ ಪಿಟೀಲಿನವರೆಲ್ಲ ತಟ್ಟಿದರು. ತುತ್ತೂರಿಯವರು ಮಾತ್ರ ಕೊನೆಯವರೆಗೂ ಮುಖ ಊದಿಸಿಕೊಂಡೇ ಕೂತಿದ್ದರು. ಅವರದ್ದೂ ತಪ್ಪಲ್ಲ ಬಿಡು, ಎರಡು ಸಲ ಅವರನ್ನು ಕರೆಯುವುದನ್ನೇ ಮರೆತಿದ್ದ. ಅಂತೂ ಕೋಲು ಅವನ ಕೈಯಲ್ಲೇ ಉಳಿಯಿತು.

ಮೇಷ್ಟ್ರು ಇಲ್ಲಿಗೆ ಕತೆ ನಿಲ್ಲಿಸಿದರು. ಸುಧನ್ವನ ಮುಖ ಅರಳಿತ್ತು.

“ಅರ್ಥವಾಯಿತು ಮೇಷ್ಟ್ರೇ. ನಾನೇನೂ ಬರೆದಿಟ್ಟುಕೊಂಡು ಕೂತವನಲ್ಲ. ಆರು ವರ್ಷದಿಂದ ನಿಮ್ಮ ಮೇಲಿಟ್ಟ ಕಣ್ಣು ತೆಗೆದಿಲ್ಲ. ಹಾಗಾದರೆ ಭಾನುವಾರ ನನಗೆ ಕೋಲು ಕೊಡುತ್ತೀರಾ?”

“ಕೊಡೋಣವಂತೆ” ಎಂದರು ಮೇಷ್ಟ್ರು. “ನಿನ್ನ ಎಡಗಡೆ ಕೂರುವವಳು ಒಂದು ವಾರದಿಂದ ಕಿರುಬೆರಳನ್ನು ತಂತಿಗೆ ತಾಗಿಸದೆ ನುಡಿಸುತ್ತಿದ್ದಾಳಲ್ಲ, ಆ ಬೆರಳಿಗೆ ಏನಾಗಿದೆ, ಹೇಳು.”

ಸುಧನ್ವ ತಿರುಗಿ ತನ್ನ ಎಡಗಡೆಯ ಖಾಲಿ ಕುರ್ಚಿಯನ್ನು ನೋಡಿದ.