ಕೊನೆಯ ಮುತ್ತು

1920ನೆಯ ಇಸವಿ, ಜನವರಿ ಹದಿನಾಲ್ಕು. ಹಿಮ ಬೀಳುವುದು ನಿಂತು ಮುಗಿಲು ತಿಳಿಯಾಗಿತ್ತು. ಉಸಿರು ಮೀಸೆಯ ಮೇಲೆಯೇ ಹೆಪ್ಪುಗಟ್ಟುವಂಥ ಚಳಿ.

ರಷ್ಯಾದ ಬಯಲುಸೀಮೆಯಲ್ಲಿ ವೆರೆಸ್ಕೊವೊ ಎಂಬುದೊಂದು ಸಣ್ಣ ರೈಲು ನಿಲ್ದಾಣ. ಪೂಜ್ಯ ಯೆವ್ಗ್ರಾಫರು ಅಲ್ಲಿನ ಪಾದ್ರಿಗಳು. ಹೊಸ ಸರ್ಕಾರ ಅವರ ದೇವಾಲಯಕ್ಕೆ ಬೀಗ ಹಾಕಿ, ಅವರನ್ನು ಎಂಜಿನ್ನುಗಳಿಗೆ ಸೌದೆ ಸೀಳುವ ಕೆಲಸಕ್ಕೆ ಹಚ್ಚಿತ್ತು. ಪೂಜ್ಯರು ದಿನವೂ ಶಿಲುಬೆಯ ಗುರುತು ಮಾಡಿಕೊಂಡು ಕೊಡಲಿ ಎತ್ತುತ್ತಿದ್ದರು. ಅವರ ಬಾಯಿಂದ ಒಂದು ದೂರನ್ನೂ ಯಾರೂ ಕೇಳಿದ್ದಿಲ್ಲ.

ನಿಲ್ದಾಣದ ಗೋದಾಮಿನಲ್ಲಿ ಟೈಫಸ್ ಜ್ವರದಿಂದ ಸತ್ತ ಕೆಂಪು ಸೇನೆಯ ಸೈನಿಕರನ್ನು ಸಾಲಾಗಿ ಮಲಗಿಸಿದ್ದರು. ಸಂಜೆಗೆ ಎಲ್ಲರಿಗೂ ಒಂದೇ ಗುಂಡಿ. ಆ ದಿನ ಮಾವ್ರಾ ಎಂಬ ವಿಧವೆ ಬಂದು ಬಾಗಿಲಲ್ಲಿ ಕುಳಿತಳು. ಅವಳ ಮಗ ಗ್ಲೆಬ್ ಒಳಗಿದ್ದ. ಹೂಳುವ ಮೊದಲು ಸತ್ತವರ ಹಣೆಗೆ ಕೊನೆಯ ಮುತ್ತಿಡುವುದು ಆ ನಾಡಿನ ಕ್ರೈಸ್ತರ ಪದ್ಧತಿ. ಉಳಿದಿದ್ದ ಜಗಳವೆಲ್ಲ ಅದರೊಂದಿಗೆ ತೀರುತ್ತದೆ.

ಕಾವಲಿನ ಅಧಿಕಾರಿ ಬೂರೊವ್ ಅವಳನ್ನು ತಡೆದ. "ಹೆಣ ತಣ್ಣಗಾದರೆ ಹೇನು ಬದುಕಿದವರನ್ನ ಹುಡುಕ್ಕೊಂಡು ಬರುತ್ತೆ ಅಮ್ಮಾ. ಜ್ವರ ಬರೋದೇ ಅದರಿಂದ. ಮನೆಗೆ ಹೋಗು."

"'ಇನ್ನು ಮುಖ ತೋರಿಸಬೇಡ' ಅಂತ ಬೈದು ಕಳಿಸಿದ್ದೆನಪ್ಪಾ. ಅದೇ ಕೊನೆ ಮಾತಾಗಿಹೋಗುತ್ತೆ."

ಪೂಜ್ಯರು ಕೊಡಲಿಯನ್ನು ಗೋಡೆಗೊರಗಿಸಿ ಹತ್ತಿರ ಬಂದರು. ಬೂರೊವ್ ನಕ್ಕ.

"ಏನು ಪಾದ್ರಿಗಳೇ, ನೀವು ಹೋಗ್ತೀರಾ? ದೇವರ ಮಂದಿಗೆ ಹೇನು ಕಚ್ಚೋದಿಲ್ಲವೋ?"

"ಕಚ್ಚುತ್ತದೆ. ಅದಕ್ಕೇ ಆಕೆಯನ್ನು ಬಿಡಬೇಡಿ. ನನ್ನನ್ನು ಬಿಡಿ."

ಸೌದೆ ಸೀಳುವ ಪಾದ್ರಿಯೊಬ್ಬ ಕಡಿಮೆಯಾದರೆ ಸರ್ಕಾರಕ್ಕೇನೂ ನಷ್ಟವಿಲ್ಲವೆಂದುಕೊಂಡು ಬೂರೊವ್ ಬಾಗಿಲು ತೆರೆದ. ಪೂಜ್ಯರು ಟೋಪಿ ತೆಗೆದು ಮಾವ್ರಾಳ ಮುಂದೆ ತಲೆ ಬಾಗಿಸಿದರು.

"ಇಲ್ಲಿಡು ತಾಯಿ. ನಾನು ಒಯ್ಯುತ್ತೇನೆ."

ಅವರ ಕೈಗೆ ಮಾತ್ರ ಮುತ್ತಿಟ್ಟು ರೂಢಿಯಿದ್ದ ಆಕೆ ಅಳುಕಿದಳು. ಆಮೇಲೆ ಅವರ ಹಣೆಗೆ ತುಟಿಯೊತ್ತಿದಳು. ಪೂಜ್ಯರು ಒಳಗೆ ಹೋಗಿ ಗ್ಲೆಬ್‌ನ ಪಕ್ಕದಲ್ಲಿ ಮಂಡಿಯೂರಿ, ತಮ್ಮ ಹಣೆಯನ್ನು ಅವನ ಹಣೆಗೆ ಹಚ್ಚಿದರು. "ನಿನ್ನ ತಾಯಿಯದು, ಮಗು" ಎಂದರು. ಎದ್ದವರು ಹೊರಗೆ ಬರಲಿಲ್ಲ; ಪಕ್ಕದ ಹೆಣದ ಬಳಿ ಮಂಡಿಯೂರಿದರು. ಅದರಾಚೆಯದರ ಬಳಿಯೂ.

"ಒಬ್ಬನಿಗೆ ಅಂತ ತಾನೆ ಹೋದದ್ದು?" ಬಾಗಿಲಿಂದ ಬೂರೊವ್ ಕೂಗಿದ.

"ಇವರ ತಾಯಂದಿರು ದೂರದಲ್ಲಿದ್ದಾರಲ್ಲ."

ಬೂರೊವನ ತಾಯಿಯೂ ದೂರದಲ್ಲಿದ್ದಳು. ಅವನು ಟೋಪಿ ತೆಗೆದ. ಪೂಜ್ಯರು ಕೊನೆಯ ಗೋಡೆ ಮುಟ್ಟುವವರೆಗೂ ಆ ಚಳಿಯಲ್ಲಿ ಬರಿದಲೆಯಲ್ಲೇ ನಿಂತಿದ್ದ.

ಮರುದಿನ ಅವನ ಪಡೆ ಮುಂದೆ ಸಾಗಿತು. ಹಿಮ ಕರಗಿದ ಮೇಲೆ ಅವನೊಬ್ಬನೇ ಆ ನಿಲ್ದಾಣದಲ್ಲಿ ಇಳಿದ. ಜೇಬಿನಲ್ಲಿ ಪೂಜ್ಯರಿಗೆಂದು ಒಂದು ಸಾಬೂನು. ಆಗ ರೊಟ್ಟಿಗಿಂತ ಅದು ದುರ್ಲಭ. ಸೌದೆಯ ರಾಶಿಯ ಹತ್ತಿರ ಪೂಜ್ಯರ ಕೊಡಲಿ ಮಾವ್ರಾಳ ಕೈಯಲ್ಲಿತ್ತು.

"ಗುರುಗಳೆಲ್ಲಿ?"

ಅವಳು ದೇವಾಲಯದ ಹಿಂದಿನ ಮರದ ಶಿಲುಬೆಯೊಂದರ ಬಳಿಗೆ ಅವನನ್ನು ಕರೆದೊಯ್ದಳು. "ಅದೇ ಜ್ವರ. ನನ್ನ ಮಗನ್ನ ಹೂತು ತಿಂಗಳು ತುಂಬೋಕೆ ಮೊದಲೇ ಹೋದರು."

ಬೂರೊವ್ ಮಂಡಿಯೂರಿದ. ಆಮೇಲೆ ಕೇಳಿದ: "ಅವರಿಗೆ ಕೊನೆಯ ಮುತ್ತು ಯಾರು ಕೊಟ್ಟರು ಅಮ್ಮಾ?"

"ಯಾರೂ ಇಲ್ಲಪ್ಪಾ. ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ; ಸತ್ತ ಮೇಲೂ ಮುತ್ತಿಡಬೇಡಿ ಅಂದಿದ್ದರು. ಜ್ವರ ಬಂದ ದಿನವೇ ಒಳಗಿನಿಂದ ಅಗುಳಿ ಹಾಕಿಕೊಂಡಿದ್ದರು."