ತೆರೆಯದ ಊಟದ ಡಬ್ಬಿ

ಶಾಲೆಯ ವಿಜ್ಞಾನ ಮೇಳದಲ್ಲಿ ಹದಿನಾಲ್ಕು ಜ್ವಾಲಾಮುಖಿಗಳಿದ್ದವು. ಹದಿನಾಲ್ಕೂ ಒಂದೇ ಅಂಗಡಿಯಿಂದ ಬಂದವು. ಏಳನೇ ತರಗತಿಯ ತುಳಸಿ ಮಾತ್ರ ಸ್ಟೀಲ್ ಡಬ್ಬಿ ತಂದಿದ್ದಳು. ಬಿಸಿ ಅನ್ನ ತುಂಬಿ ಮುಚ್ಚಿದರೆ, ಆರಿದ ಮೇಲೆ ಮುಚ್ಚಳ ಯಾಕೆ ಬಿಗಿಯುತ್ತದೆ ಎಂಬುದು ಅವಳ ಪ್ರಯೋಗ.

ತೀರ್ಪುಗಾರ ವೀರಭದ್ರಯ್ಯನವರು ಮೂಗು ಮುರಿದರು. "ಇದು ಪುಸ್ತಕದಲ್ಲಿಲ್ಲ. ಅಡುಗೆಮನೆ ವಿಷಯ. ನಾನು ಊಟ ಮಾಡಿ ಬರೋದ್ರೊಳಗೆ ಮೇಜು ಖಾಲಿ ಮಾಡು."

ತುಳಸಿಯ ಕಣ್ಣು ತುಂಬಿತು. ಬಿಸಿಯೂಟದ ಅಡುಗೆಯಾಕೆ ಅವಳ ಡಬ್ಬಿಯನ್ನು ಎತ್ತಿಕೊಂಡು ಹೋದಳು. ಕುದಿಯುವ ಸಾರು, ಬಿಸಿ ಅನ್ನ ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ, ಚೆನ್ನಾಗಿ ಆರಿದ ಮೇಲೆ ಊಟಕ್ಕೆ ಕೂತ ತೀರ್ಪುಗಾರ ಸಾಹೇಬರ ಮುಂದಿಟ್ಟಳು.

ಅವರು ಎಳೆದರು. ಮೊಣಕಾಲುಗಳ ನಡುವೆ ಇಟ್ಟು ಎಳೆದರು. ಹೆಡ್ ಮಾಸ್ಟರೂ ಒಂದು ಕೈ ಹಾಕಿದರು. ಮುಚ್ಚಳ ಅಲ್ಲಾಡಲಿಲ್ಲ.

"ಏನಮ್ಮ ಇದು?"

"ಪುಸ್ತಕದಲ್ಲಿಲ್ಲ ಸಾರ್," ಎಂದಳು ಅಡುಗೆಯಾಕೆ. "ಜ್ವಾಲಾಮುಖಿ ಬೇಕಾದಷ್ಟಿವೆ. ಒಂದು ತಂದುಕೊಡಲಾ?"

ಸಾಹೇಬರ ಹೊಟ್ಟೆ ಗುರುಗುಟ್ಟಿತು. "ಆ ಹುಡುಗೀನ ಕರೀರಿ."

ತುಳಸಿ ಡಬ್ಬಿಯನ್ನು ಬಿಸಿನೀರಿನಲ್ಲಿ ಕೂರಿಸಿದಳು. ಸ್ವಲ್ಪ ಹೊತ್ತಿಗೆ ಮುಚ್ಚಳವನ್ನು ಎರಡೇ ಬೆರಳಲ್ಲಿ ತೆಗೆದಳು. ವೀರಭದ್ರಯ್ಯನವರು ಬಾಯಲ್ಲಿ ತುತ್ತಿಟ್ಟುಕೊಂಡೇ ಕೇಳಿದರು, "ಇದು ಹೇಗಮ್ಮಾ?"

"ಮೇಜು ವಾಪಸ್ ಕೊಡಿ ಸಾರ್," ಎಂದಳು ತುಳಸಿ. "ಅಲ್ಲಿ ಹೇಳ್ತೀನಿ."