ಒತ್ತಿ ಹಿಡಿದ ಪಿನ್ನು

ಮಲಪ್ರಭೆಯ ದಂಡೆಯಲ್ಲಿ ಚೆನ್ನವೀರಯ್ಯನವರದೊಂದು ಶೆಡ್ಡು. ಎಳೆಗೂಸುಗಳನ್ನು ಬೆಚ್ಚಗಿಡುವ ಆಸ್ಪತ್ರೆಯ ಪೆಟ್ಟಿಗೆಗಳಿಗೆ ಹಾಕುವ ಸರ್ಕ್ಯೂಟ್ ಬೋರ್ಡುಗಳು ಪರೀಕ್ಷೆಗೆಂದು ಅಲ್ಲಿಗೆ ಬರುತ್ತಿದ್ದವು. ಮಾತು ಕಡಿಮೆ, ಶಿಸ್ತು ಜಾಸ್ತಿ. ಊರವರು ಅದನ್ನು ಮಠ ಎಂದೇ ತಮಾಷೆ ಮಾಡುತ್ತಿದ್ದರು.

ಮಠದಲ್ಲಿ ಇದ್ದದ್ದು ಒಂದೇ ಹಲಗೆ. ಅದರ ಮೇಲೆ ನೂರು ಪಿನ್ನುಗಳು, ಒಂದೊಂದರ ಹೊಟ್ಟೆಯಲ್ಲೂ ಒಂದು ಸಣ್ಣ ಸ್ಪ್ರಿಂಗು. ಬೋರ್ಡಿಟ್ಟು ಮುಚ್ಚಳ ಅದುಮಿದರೆ ಪಿನ್ನುಗಳು ತುಸು ತಗ್ಗಿ ಬೋರ್ಡನ್ನು ಮುಟ್ಟುತ್ತವೆ. ಕರೆಂಟು ಎಲ್ಲ ಕಡೆ ಹರಿದರೆ ಹಸಿರು ದೀಪ, ಎಲ್ಲಾದರೂ ಕಡಿದಿದ್ದರೆ ಕೆಂಪು.

ಶಿಷ್ಯ ಗದಿಗೆಪ್ಪ ಬಂದ ಮೊದಲ ದಿನವೇ ಕೇಳಿದ್ದ: “ಅಜ್ಜಾರ, ಪಿನ್ನು ಎಷ್ಟು ಒತ್ತಬೇಕ್ರಿ?”

“ಕೂಸಿಗೆ ಜ್ವರ ಬಂದೈತೇನಂತ ತಾಯಿ ಹಣಿ ಮುಟ್ಟತಾಳಲ್ಲ, ಅಷ್ಟು.”

ನಾಲ್ಕು ವರ್ಷ ಕಳೆಯಿತು.

ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಬೋರ್ಡೊಂದು ವಾಪಸ್ಸು ಬಂತು. ಜೊತೆಗೆ ಸುದ್ದಿಯೂ ಬಂತು. ಪೆಟ್ಟಿಗೆ ತಣ್ಣಗಾಗಿ, ಐದು ದಿನದ ಹೆಣ್ಣುಕೂಸು ಹೋಗಿಬಿಟ್ಟಿತ್ತು.

ಗದಿಗೆಪ್ಪ ಬೋರ್ಡನ್ನು ತಿರುಗಿಸಿ ನೋಡಿದ. “ನಾನ ನೋಡಿದ ಬೋರ್ಡು ಇದು. ಹಸಿರು ತೋರಿಸಿತ್ರಿ, ಆಣಿ ಮಾಡಿ ಹೇಳ್ತೀನಿ.”

“ಈಗ ಇಡು.”

ಇಟ್ಟ. ಮುಚ್ಚಳ ಅದುಮಿದ. ಹಸಿರು.

ಅವನಿಗೆ ಹೋದ ಜೀವ ಬಂದಂತಾಯಿತು. ನಾಚಿಕೆಗೆಟ್ಟ ಸಮಾಧಾನ ಅದು. “ನೋಡ್ರಿ! ತಪ್ಪು ನಮ್ದಲ್ಲ.”

ಚೆನ್ನವೀರಯ್ಯ ಮುಚ್ಚಳವನ್ನು, ಪಿನ್ನುಗಳು ಬೋರ್ಡನ್ನು ಬಿಡದಂತೆ, ಕೂದಲೆಳೆಯಷ್ಟು ಎತ್ತಿದರು. ಕೆಂಪು. ಒತ್ತಿದರು. ಹಸಿರು. ಮತ್ತೆ ಎತ್ತಿದರು.

ಆಮೇಲೆ ಭೂತಗನ್ನಡಿ ಕೊಟ್ಟರು. ಒಂದು ಬೆಸುಗೆ ಬಿರುಕು ಬಿಟ್ಟಿತ್ತು. ಪಿನ್ನು ಜೋರಾಗಿ ಒತ್ತಿದಾಗ ಬಿರುಕಿನ ಎರಡೂ ಅಂಚು ಕೂಡುತ್ತಿದ್ದವು, ಒತ್ತು ಸಡಿಲಾದಾಗ ಅಗಲುತ್ತಿದ್ದವು.

“ಪಿನ್ನಿಗೆ ಇಷ್ಟು ಜೋರು ಎಲ್ಲಿಂದ ಬಂತು?”

ಗದಿಗೆಪ್ಪ ತಲೆ ತಗ್ಗಿಸಿದ. “ಎಲ್ಲಾ ಪಿನ್ನಿಗೂ ಗಟ್ಟಿ ಸ್ಪ್ರಿಂಗ್ ಹಾಕಿದ್ನಿರಿ. ಬೋರ್ಡಿಗೆ ಒಂಚೂರು ಜಿಡ್ಡಿದ್ರೂ ಕೆಂಪು ಬರ್ತಿತ್ತು. ಒರಸೂದು, ಮತ್ತ ಇಡೂದು, ಸಾಕಾಗಿತ್ತು. ಗಟ್ಟಿ ಹಾಕಿದ ಮ್ಯಾಲೆ ಒಂದೂ ಕೆಂಪು ಬರಲಿಲ್ಲ. ಬೋರ್ಡು ಮಾಡಾವರ ಕೈ ಸುಧಾರಿಸ್ಯಾವ ಅನ್ಕೊಂಡೆ.”

“ಆವತ್ತಿಂದ ಎಷ್ಟು ಬೋರ್ಡು ಹೋದವು?”

“ಇದನ್ನ ಬಿಟ್ಟು ನಲವತ್ತು. ಎಲ್ಲಾ ಪೆಟ್ಟಿಗಿಯೊಳಗ ಕುಂತಾವು.”

ಚೆನ್ನವೀರಯ್ಯ ಫೋನನ್ನು ಅವನ ಮುಂದೆ ಸರಿಸಿದರು. “ಆಸ್ಪತ್ರಿಗೆ ಹೇಳು.”

ಗದಿಗೆಪ್ಪ ಅದನ್ನು ಮುಟ್ಟಲಿಲ್ಲ. ಜೈಲು ಕಣ್ಣಮುಂದೆ ಬಂದು ನಿಂತಿತ್ತು.

“ಅಜ್ಜಾರ,” ಎಂದ ಮೆಲ್ಲಗೆ, “ಮುಚ್ಚಳ ಅದುಮಿ ತೋರಿಸಿದ್ರ ಯಾರು ನೋಡಿದ್ರೂ ಹಸಿರ ಕಾಣತೈತಿ. ನಾವು ಸುಳ್ಳು ಹೇಳೂದೂ ಬ್ಯಾಡ. ನಲವತ್ತರಾಗ ಎಷ್ಟು ಕೆಟ್ಟಿದ್ದಾವು? ಒಂದೋ, ಎರಡೋ.”

ಆಡಿದ ಮಾತು ಅವನಿಗೇ ಅಸಹ್ಯವೆನಿಸಿತು. ಆದರೂ ವಾಪಸ್ಸು ತೆಗೆದುಕೊಳ್ಳಲಿಲ್ಲ.

ಚೆನ್ನವೀರಯ್ಯ ಬೈಯಲಿಲ್ಲ. ಬಿರುಕಿನ ಮೇಲೆ ಕೂರುತ್ತಿದ್ದ ಆ ಒಂದು ಪಿನ್ನನ್ನು ಇಕ್ಕಳದಿಂದ ಹಲಗೆಯಿಂದ ಕಿತ್ತರು. ಶಿಷ್ಯನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿದರು.

“ಇದು ಒತ್ತಿ ಹಿಡಿಯೂತನಕ ಪೆಟ್ಟಿಗಿ ಬೆಚ್ಚಗಿರತೈತಿ. ತಗೊಂಡು ಹೋಗು. ನಲವತ್ತು ಪೆಟ್ಟಿಗಿ ಅದಾವು. ಒತ್ತಿ ಹಿಡಿಯಾಕ ಯಾವ ಕೂಸಿನ ಬಾಜೂ ಮೊದಲು ಕುಂದರ್ತಿ?”